ಎಪ್ಟಾಯಿನ್ ಶುರು ಮಾಡಿದ ಮೇಲೆ ಅಮ್ಮನ ಐಎನ್‌ಆರ್ ನಿಲ್ತಾನೇ ಇಲ್ಲ, ಯಾವ ಮಾತ್ರೆ ಬಿಡೋದು?

ಓದುಗರ ಪ್ರಶ್ನೆ: ಡಾಕ್ಟ್ರೇ ನಮಸ್ತೆ. ನಮ್ಮ ಅಮ್ಮಂಗೆ 54 ವರ್ಷ, ಊರು ಸಕಲೇಶಪುರದ ಕಡೆ. ಚಿಕ್ಕವರಿದ್ದಾಗ ರುಮ್ಯಾಟಿಕ್ ಫೀವರ್ ಆಗಿ ವಾಲ್ವ್ ಹಾಳಾಗಿತ್ತು, 11 ವರ್ಷದ ಹಿಂದೆ ಮೈಟ್ರಲ್ ವಾಲ್ವ್ ತೆಗೆದು ಮೆಟಲ್ ವಾಲ್ವ್ ಹಾಕಿದಾರೆ. ಅವತ್ತಿಂದ ರಕ್ತ ಹೆಪ್ಪುಗಟ್ಟದೇ ಇರಲಿ ಅಂತ ಅಸಿಟ್ರಾಮ್ 2 ಎಂಜಿ ತಗೋತಾರೆ, ರಕ್ತ ಹೆಪ್ಪುಗಟ್ಟಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡೋ ಐಎನ್‌ಆರ್ ಟೆಸ್ಟ್ ಯಾವಾಗ್ಲೂ 2.8, 3 ಹಿಂಗೆ ಇರ್ತಿತ್ತು. ನಾಲ್ಕು ತಿಂಗಳ ಹಿಂದೆ ಬೆಳಗ್ಗೆ ಎದ್ದಾಗ ಫಿಟ್ಸ್ ಬಂತು, ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇಲ್ಲ ಆದ್ರೆ ಹಳೇ ಸಣ್ಣ ಸ್ಟ್ರೋಕ್ ಆಗಿರೋ ಗುರುತು ಇದೆ ಅಂದ್ರು, ಎಪ್ಟಾಯಿನ್ 100 ದಿನಕ್ಕೆ ಮೂರು ಸಲ ಕೊಟ್ರು. ಒಂದು ವಾರಕ್ಕೆ ಐಎನ್‌ಆರ್ 4.1 ಆಯ್ತು, ಅಸಿಟ್ರಾಮ್ ಕಡಿಮೆ ಮಾಡಿದ್ರು. ಒಂದು ತಿಂಗಳಿಗೆ ನೋಡಿದ್ರೆ 1.6! ಆಮೇಲೆ ಏರಿಸ್ತಾ ಏರಿಸ್ತಾ ಈಗ 4 ಎಂಜಿಗೆ ಬಂದು ನಿಂತಿದೆ, ಐಎನ್‌ಆರ್ 2.7. ಈಗ ನ್ಯೂರೋ ಡಾಕ್ಟ್ರು ಎಪ್ಟಾಯಿನ್ ನಿಲ್ಲಿಸಿ ಲೆವಿಪಿಲ್ ಕೊಡೋಣ ಅಂತಿದಾರೆ, ನಂಗೆ ಭಯ. ಅಮ್ಮ ಒಂದೇ ಸಲ ಬಂದಿದ್ದು, ನಾನು ಎಪ್ಟಾಯಿನ್ ಬಿಟ್ಟೇ ಬಿಡ್ತೀನಿ ಅಂತಾರೆ, ನಡೆಯುವಾಗ ಸ್ವಲ್ಪ ತೂರಾಡ್ತಾರೆ ಬೇರೆ. ಎರಡು ಮಾತ್ರೆ ಮಧ್ಯೆ ಮೂರ್ನಾಲ್ಕು ಗಂಟೆ ಗ್ಯಾಪ್ ಕೊಟ್ರೆ ಸಾಕಾ? ಸೊಪ್ಪು ಪೂರ್ತಿ ನಿಲ್ಸಿದೀವಿ. ಅತ್ತಿಗೆ ಹೇಳ್ತಾರೆ ಬ್ಲಡ್ ಟೆಸ್ಟೇ ಬೇಡದ ಹೊಸ ಮಾತ್ರೆ ಬಂದಿದೆ ಅದಕ್ಕೆ ಬದಲಾಯಿಸಿ ಅಂತ. ಈ ಫಿಟ್ಸ್ ಮಾತ್ರೆ ಎಷ್ಟು ದಿನ ತಗೋಬೇಕು?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ತುಂಬಾ ಪ್ರಶ್ನೆ ಇದೆ, ಆದ್ರೆ ಒಳಗಿರೋ ಭಯ ಒಂದೇ ಅಂತ ನಂಗೆ ಅನ್ಸುತ್ತೆ, ಫಿಟ್ಸ್ ತಡಿಯಕ್ಕೆ ಹೋದ್ರೆ ವಾಲ್ವ್‌ಗೆ ತೊಂದ್ರೆ ಆಗುತ್ತೆ, ವಾಲ್ವ್ ಕಾಪಾಡಕ್ಕೆ ಹೋದ್ರೆ ತಲೆಗೆ ತೊಂದ್ರೆ ಆಗುತ್ತೆ, ಏನು ಮಾಡೋದು ಅಂತ. ಭಯ ಪಡೋದ್ರಲ್ಲಿ ತಪ್ಪೇನಿಲ್ಲ. ಆದ್ರೆ ಮೊದಲು ಒಂದು ಮಾತು, ಇವತ್ತು ರಾತ್ರಿ ಎರಡರಲ್ಲಿ ಯಾವ ಮಾತ್ರೇನೂ ಬಿಡಿಸಬೇಡಿ. ಎಪ್ಟಾಯಿನ್ ದಿಢೀರ್ ಅಂತ ನಿಲ್ಸಿದ್ರೆ ಒಂದರ ಹಿಂದೆ ಒಂದು ಫಿಟ್ಸ್ ಬರೋ ಸಾಧ್ಯತೆ ಇದೆ, ಅದರ ಜೊತೆಗೆ ಐಎನ್‌ಆರ್ ಲೆಕ್ಕಾನೂ ತಪ್ಪುತ್ತೆ, ಅದು ಹೇಗೆ ಅಂತ ಕೆಳಗೆ ಬಿಡಿಸಿ ಹೇಳ್ತೀನಿ.

ನಿಮ್ಮ ಅಮ್ಮನ ಐಎನ್‌ಆರ್ ಮೊದಲು ಏರಿ ಆಮೇಲೆ ಬಿದ್ದಿದ್ದು ಲ್ಯಾಬ್ ತಪ್ಪಲ್ಲ, ನೀವು ಊಟದಲ್ಲಿ ಮಾಡಿದ ತಪ್ಪೂ ಅಲ್ಲ. ಎಪ್ಟಾಯಿನ್ ಅಂದ್ರೆ ಫೆನಿಟಾಯಿನ್, 1938ರಿಂದ ಫಿಟ್ಸ್‌ಗೆ ಬಳಕೆಯಲ್ಲಿರೋ ಔಷಧಿ, ಕೆಲಸ ಚೆನ್ನಾಗಿ ಮಾಡುತ್ತೆ, ಬೆಲೆ ಕಡಿಮೆ, ಎಮರ್ಜೆನ್ಸಿಯಲ್ಲಿ ಇಂಜೆಕ್ಷನ್ ಆಗೂ ಕೊಡಬಹುದು, ಹಾಗಾಗಿ ಎಷ್ಟೋ ಆಸ್ಪತ್ರೆಗಳಲ್ಲಿ ಫಿಟ್ಸ್ ಅಂತ ಬಂದ ತಕ್ಷಣ ಕೈಗೆ ಸಿಗೋದು ಅದೇ. ತೊಂದ್ರೆ ಏನಂದ್ರೆ ಅಸಿಟ್ರಾಮ್ ಮತ್ತೆ ಎಪ್ಟಾಯಿನ್ ಎರಡನ್ನೂ ಲಿವರ್‌ನಲ್ಲಿ ಕರಗಿಸೋದು ಮುಖ್ಯವಾಗಿ ಒಂದೇ ಎನ್‌ಜೈಮ್, ಸಿವೈಪಿ2ಸಿ9 ಅಂತ. ಮೊದಲ ಕೆಲವು ದಿನ ಎರಡೂ ಅದೇ ಎನ್‌ಜೈಮ್‌ಗೆ ಕಿತ್ತಾಡ್ತವೆ, ರಕ್ತದಲ್ಲಿರೋ ಆಲ್ಬುಮಿನ್ ಪ್ರೋಟೀನ್‌ಗೆ ಅಂಟಿಕೊಳ್ಳೋಕೂ ಪೈಪೋಟಿ ಮಾಡ್ತವೆ, ಅಸಿಟ್ರಾಮ್ ಸರಿಯಾಗಿ ಕರಗದೆ ಉಳಿದು ಐಎನ್‌ಆರ್ ಏರಬಹುದು, ನಿಮ್ಮ ಅಮ್ಮಂಗೆ ಆ 4.1 ಬಂದಿದ್ದು ಹಿಂಗೆ. ಆಮೇಲೆ ಎಪ್ಟಾಯಿನ್ ಇನ್ನೊಂದು ಕೆಲಸ ಶುರು ಮಾಡುತ್ತೆ, ಲಿವರ್‌ಗೆ ಈ ಎನ್‌ಜೈಮ್‌ಗಳನ್ನ ಜಾಸ್ತಿ ತಯಾರು ಮಾಡು ಅಂತ ಹೇಳುತ್ತೆ. ನಿಮ್ಮ ಕಡೆ ಕಾಫಿ ಕುಯ್ಲಿಗೆ ಜಾಸ್ತಿ ಆಳು ಕರೆಸ್ತಾರಲ್ಲ ಹಾಗೆ, ಆಳು ಒಂದೇ ದಿನದಲ್ಲಿ ಬರಲ್ಲ, ಎರಡು ಮೂರು ವಾರ ಬೇಕು, ಆದ್ರೆ ಬಂದ ಮೇಲೆ ಎಪ್ಟಾಯಿನ್ ಜೊತೆಗೆ ಅಸಿಟ್ರಾಮ್‌ನೂ ಬೇಗ ಬೇಗ ಖಾಲಿ ಮಾಡಿ ಹಾಕ್ತಾರೆ. ಅದಕ್ಕೇ 1.6ಕ್ಕೆ ಬಿತ್ತು, ಅದಕ್ಕೇ ಈಗ ಮೊದಲಿನ ಎರಡರಷ್ಟು ಅಸಿಟ್ರಾಮ್ ಬೇಕಾಗಿದೆ. ಎಲ್ಲರಿಗೂ ಇದೇ ಥರ ಆಗುತ್ತೆ ಅಂತಿಲ್ಲ, ಕೆಲವರಿಗೆ ಏರೋ ಹಂತಾನೇ ಕಾಣಲ್ಲ, ಸೀದಾ ಬೀಳುತ್ತೆ, ಕೆಲವರಿಗೆ ಏರಿದ್ದು ಇಳಿಯಕ್ಕೇ ತಡ ಆಗುತ್ತೆ.

ಈಗ ನೀವು ನಿಜವಾಗ್ಲೂ ಗಮನ ಇಡಬೇಕಾದ ವಿಷಯಕ್ಕೆ ಬರ್ತೀನಿ. ಈ ಎರಡು ಮಾತ್ರೆ ಒಟ್ಟಿಗೆ ಇರೋದೇ ವಿಷ ಅಂತ ಮೆಡಿಕಲ್ ಶಾಪ್‌ನಲ್ಲಿ, ಇಂಟರ್ನೆಟ್‌ನಲ್ಲಿ ಎಲ್ಲಾ ಹೆದರಿಸ್ತಾರೆ. ಹಾಗೇನಿಲ್ಲ. ಈಗ ಐಎನ್‌ಆರ್ 2.7 ಇದೆ, ಮೈಟ್ರಲ್ ಜಾಗದ ಮೆಟಲ್ ವಾಲ್ವ್‌ಗೆ ಸಾಮಾನ್ಯವಾಗಿ 2.5ರಿಂದ 3.5ರ ಒಳಗೆ ಇರಬೇಕು ಅಂತ ನೋಡ್ತೀವಿ, ಅಂದ್ರೆ ಇವತ್ತಿನ ಮಟ್ಟಿಗೆ ನಿಮ್ಮ ಅಮ್ಮ ಸುರಕ್ಷಿತ ಜಾಗದಲ್ಲೇ ಇದಾರೆ. ಎಪ್ಟಾಯಿನ್ ಅಸಿಟ್ರಾಮ್ ಎರಡೂ ವರ್ಷಗಟ್ಟಲೆ ಒಟ್ಟಿಗೆ ತಗೊಂಡು ಆರಾಮಾಗಿರೋ ಪೇಷೆಂಟ್‌ಗಳನ್ನ ನಾನು ಒಪಿಡಿಯಲ್ಲಿ ನೋಡ್ತಾನೇ ಇರ್ತೀನಿ. ಅಪಾಯ ಬರೋದು ಬದಲಾವಣೆ ಮಾಡೋ ವಾರಗಳಲ್ಲಿ, ಹೊಸದಾಗಿ ಶುರು ಮಾಡಿದಾಗ, ಡೋಸ್ ಬದಲಾಯಿಸಿದಾಗ, ಎಲ್ಲಕ್ಕಿಂತ ಜಾಸ್ತಿ ನಿಲ್ಲಿಸಿದಾಗ. ಯಾಕಂದ್ರೆ ಎಪ್ಟಾಯಿನ್ ನಿಲ್ಸಿದ ದಿನಾನೇ ಆ ಹೆಚ್ಚುವರಿ ಎನ್‌ಜೈಮ್ ಮಾಯ ಆಗಲ್ಲ, ಎರಡು ಮೂರು ವಾರದಲ್ಲಿ ನಿಧಾನಕ್ಕೆ ಇಳಿಯುತ್ತೆ, ಆಗ ಇವತ್ತು ಸರಿಯಾಗಿರೋ ಇದೇ 4 ಎಂಜಿ ಅಸಿಟ್ರಾಮ್ ಅಮ್ಮಂಗೆ ಜಾಸ್ತಿ ಆಗಿಬಿಡುತ್ತೆ. ನಿಲ್ಸಿ ಮೂರು ದಿನಕ್ಕೆ ಟೆಸ್ಟ್ ಮಾಡಿಸಿ, ಐಎನ್‌ಆರ್ 2.9 ಬಂತು, ಸದ್ಯ ಏನೂ ಆಗಿಲ್ಲ ಅಂತ ನಿಟ್ಟುಸಿರು ಬಿಟ್ಟು ಮುಂದಿನ ತಿಂಗಳು ನೋಡೋಣ ಅಂತ ಬಿಟ್ಟವರು, ಇಪ್ಪತ್ತು ದಿನಕ್ಕೆ ಮೂಗಲ್ಲಿ ರಕ್ತ ನಿಲ್ತಿಲ್ಲ ಅಂತ ಐಎನ್‌ಆರ್ ಆರು ಏಳು ಇಟ್ಕೊಂಡು ಬರ್ತಾರೆ. ಅಮ್ಮ ತಾವಾಗೇ ಎಪ್ಟಾಯಿನ್ ಬಿಟ್ರೂ ಆಗೋದು ಇದೇ, ಜೊತೆಗೆ ಅದೇ ವಾರಗಳಲ್ಲಿ ಫಿಟ್ಸ್ ಬಂದು ಬಿದ್ದು ತಲೆಗೆ ಪೆಟ್ಟು ಬೀಳೋ ಚಾನ್ಸೂ ಜಾಸ್ತಿ. ಐಎನ್‌ಆರ್ ಏರ್ತಾ ಇರೋ ಹೊತ್ತಲ್ಲೇ ತಲೆ ಹೊಡೆದುಕೊಳ್ಳೋದು ಅಂದ್ರೆ ಏನಾಗಬಹುದು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಗ್ಯಾಪ್ ವಿಷಯ. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ ಇಂಥದ್ದಕ್ಕೆ ಗ್ಯಾಪ್ ಕೊಡಿ ಅಂತ ನಾವೇ ಹೇಳ್ತೀವಿ, ಅಲ್ಲಿ ಎರಡೂ ಹೊಟ್ಟೆಯಲ್ಲಿ ಕೂಡ್ಕೊಂಡು ಒಳಗೆ ಹೋಗೋದಿಲ್ಲ ಅನ್ನೋದು ಕಾರಣ. ಇಲ್ಲಿ ನಡೀತಿರೋದು ಲಿವರ್‌ನಲ್ಲಿ, ದಿನದ 24 ಗಂಟೆ, ಹಾಗಾಗಿ ಮೂರು ಗಂಟೆ ಅಲ್ಲ ಹನ್ನೆರಡು ಗಂಟೆ ಗ್ಯಾಪ್ ಕೊಟ್ರೂ ಏನೂ ಬದಲಾಗಲ್ಲ. ಪ್ರತಿದಿನ ಅದೇ ಹೊತ್ತಿಗೆ ತಗೊಳ್ಳೋದು ಮುಖ್ಯ, ಅಷ್ಟೇ.

ಸೊಪ್ಪು ದಯವಿಟ್ಟು ವಾಪಸ್ ಶುರು ಮಾಡಿ. ಅಸಿಟ್ರಾಮ್ ಕೆಲಸ ಮಾಡೋದು ವಿಟಮಿನ್ ಕೆ ವಿರುದ್ಧ, ಸೊಪ್ಪಿನಲ್ಲಿ ವಿಟಮಿನ್ ಕೆ ಇದೆ, ಅಲ್ಲಿವರೆಗೂ ನೀವು ಕೇಳಿದ್ದು ನಿಜ. ಆದ್ರೆ ಬೇಕಾಗಿರೋದು ಸಮತೋಲನ. ವಾರಕ್ಕೆ ಮೂರು ದಿನ ಸೊಪ್ಪಿನ ಬಸ್ಸಾರು, ದಂಟಿನ ಪಲ್ಯ ಅಂತ ಅಭ್ಯಾಸ ಇದ್ರೆ ವಾರಕ್ಕೆ ಮೂರು ದಿನಾನೇ ತಿನ್ನಲಿ, ಡಾಕ್ಟ್ರು ಅದಕ್ಕೆ ಹೊಂದಿಸಿ ಡೋಸ್ ಕೊಡ್ತಾರೆ. ಒಂದು ತಿಂಗಳು ಪೂರ್ತಿ ಬಿಟ್ಟು ಆಮೇಲೆ ಆಷಾಢದಲ್ಲಿ ಒಂದೇ ವಾರ ನುಗ್ಗೆ ಸೊಪ್ಪು ದಿನಾ ತಿಂದ್ರೆ ಆಗ ಐಎನ್‌ಆರ್ ಕುಣಿಯುತ್ತೆ. ಪೂರ್ತಿ ಬಿಟ್ಟವರಲ್ಲಿ ಐಎನ್‌ಆರ್ ಇನ್ನೂ ಅಸ್ಥಿರ ಆಗೋದೇ ಜಾಸ್ತಿ, ಅದೂ ಅಲ್ದೆ ಎಪ್ಟಾಯಿನ್ ತಗೊಳ್ಳೋರಿಗೆ ಫೋಲಿಕ್ ಆಸಿಡ್ ಮೊದಲೇ ಕಡಿಮೆ ಆಗುತ್ತೆ, ಅಂಥವರಿಗೆ ಸೊಪ್ಪು ನಿಲ್ಸೋದು ಇನ್ನೂ ಕೆಟ್ಟದ್ದು.

ಅಮ್ಮ ತೂರಾಡ್ತಾರೆ ಅಂತ ನೀವು ಅಷ್ಟಕ್ಕಷ್ಟೇ ಅನ್ನೋ ಹಾಗೆ ಬರೆದಿದೀರ, ನಂಗೆ ಇಡೀ ಪತ್ರದಲ್ಲಿ ಕಣ್ಣಿಗೆ ಬಿದ್ದಿದ್ದು ಅದು. ಎಪ್ಟಾಯಿನ್ ರಕ್ತದಲ್ಲಿ ಜಾಸ್ತಿ ಆದಾಗ ಮೊದಲು ಕಾಣೋದು ಇವೇ, ನಡೆಯುವಾಗ ತೂರಾಟ, ಎರಡೆರಡು ಕಾಣೋದು, ಮಾತು ತೊದಲೋದು, ಮಂಪರು. ಎನ್‌ಜೈಮ್‌ಗೆ ಪೈಪೋಟಿ ಅಂದ್ನಲ್ಲ, ಅದು ಎರಡೂ ಕಡೆಯಿಂದ, ಅಸಿಟ್ರಾಮ್ ಇದ್ದಾಗ ಕೆಲವರಲ್ಲಿ ಎಪ್ಟಾಯಿನ್ ಪ್ರಮಾಣಾನೂ ಏರುತ್ತೆ, ಕೆಲವರಿಗೆ ಹುಟ್ಟಿನಿಂದಲೇ ಆ ಎನ್‌ಜೈಮ್ ನಿಧಾನ, ಅಂಥವರಿಗೆ ಎರಡೂ ಔಷಧಿ ಸಣ್ಣ ಡೋಸ್‌ನಲ್ಲೇ ಜಾಸ್ತಿ ಆಗಿಬಿಡುತ್ತೆ. ಇನ್ನೊಂದು ಎಪ್ಟಾಯಿನ್ ಸ್ವಭಾವ ಏನಂದ್ರೆ ಒಂದು ಮಟ್ಟ ದಾಟಿದ ಮೇಲೆ ಡೋಸ್ ಸ್ವಲ್ಪ ಏರಿಸಿದ್ರೂ ರಕ್ತದಲ್ಲಿ ಸಿಕ್ಕಾಪಟ್ಟೆ ಏರುತ್ತೆ. ಹಾಗಾಗಿ ಈ ವಾರಾನೇ ಫೆನಿಟಾಯಿನ್ ಲೆವೆಲ್ ಟೆಸ್ಟ್ ಮಾಡಿಸಿ ನ್ಯೂರೋ ಡಾಕ್ಟ್ರಿಗೆ ತೋರಿಸಿ. ಅಷ್ಟರ ತನಕ ಬಾತ್‌ರೂಮಲ್ಲಿ ನೀರು ಒರೆಸಿಟ್ಟು, ಬಚ್ಚಲಿಗೆ ಹೋಗೋವಾಗ ಯಾರಾದ್ರೂ ಹತ್ರ ಇರಿ.

ಇನ್ನು ನಿಮ್ಮ ಮುಂದೆ ಇರೋ ದಾರಿಗಳು. ಎಪ್ಟಾಯಿನ್‌ನಲ್ಲೇ ಇರಬಹುದು, ಐಎನ್‌ಆರ್ ಸ್ಥಿರ ಆಗಿದ್ದು ತೂರಾಟ ಇಲ್ಲದೇ ಇದ್ದಿದ್ರೆ ನಾನು ಅದನ್ನೂ ತಳ್ಳಿ ಹಾಕ್ತಿರಲಿಲ್ಲ, ಯಾಕಂದ್ರೆ ಬದಲಾವಣೆ ಮಾಡೋದ್ರಲ್ಲೂ ಅಪಾಯ ಇದೆ ಅಂತ ಈಗಷ್ಟೇ ಹೇಳಿದೆ. ಆದ್ರೆ ವಾಲ್ವ್ ಇರೋವರೆಗೂ ಅಸಿಟ್ರಾಮ್ ಇದ್ದೇ ಇರುತ್ತೆ, ಮುಂದೆ ಯಾವತ್ತೋ ಎಪ್ಟಾಯಿನ್ ಡೋಸ್ ಒಂದು ಚೂರು ಬದಲಾದ್ರೂ, ನಾಲ್ಕು ದಿನ ಮರೆತ್ರೂ, ಮತ್ತೆ ಇದೇ ಪಾಡು. ಅದೂ ಅಲ್ದೆ ವರ್ಷಗಟ್ಟಲೆ ತಗೊಂಡ್ರೆ ಮೂಳೆ ಸವೆಯೋದು, ವಸಡು ಊದೋದು ಇದೆ, ವಸಡು ಊದಿ ರಕ್ತ ಬರೋದು ಅಸಿಟ್ರಾಮ್ ತಗೊಳ್ಳೋರಿಗೆ ಯಾಕೆ ಬೇಕು. ಟೆಗ್ರಿಟಾಲ್, ಗಾರ್ಡಿನಾಲ್ ಅನ್ನೋ ಬೇರೆ ಫಿಟ್ಸ್ ಮಾತ್ರೆಗಳೂ ಇದೇ ಜಾತಿ, ಲಿವರ್ ಎನ್‌ಜೈಮ್ ಏರಿಸ್ತವೆ, ಆ ಕಡೆ ಹೋಗಿ ಏನೂ ಪ್ರಯೋಜನ ಇಲ್ಲ. ವಾಲ್‌ಪ್ರೋಯೇಟ್ ಎನ್‌ಜೈಮ್ ಏರಿಸಲ್ಲ, ನಿಜ, ಆದ್ರೆ ಅದು ಡೋಸ್ ಜಾಸ್ತಿ ಆದಾಗ ಪ್ಲೇಟ್‌ಲೆಟ್ ಇಳಿಸಬಹುದು, ಕೆಲವರಲ್ಲಿ ಐಎನ್‌ಆರ್‌ನೂ ಏರಿಸುತ್ತೆ. ರಕ್ತ ಹೆಪ್ಪುಗಟ್ಟದ ಮಾತ್ರೆ ತಗೊಳ್ಳೋರಿಗೆ ಇನ್ನೊಂದು ಕಡೆಯಿಂದ ರಕ್ತಸ್ರಾವದ ದಾರಿ ತೆಗೆಯೋದು ನನಗೆ ಇಷ್ಟ ಇಲ್ಲ, ಬೇರೆ ಗತಿ ಇಲ್ಲದಿದ್ರೆ ಮಾತ್ರ ಕೊಡ್ತೀನಿ.

ಲೆವಿಪಿಲ್, ಅಂದ್ರೆ ಲೆವೆಟಿರಾಸೆಟಮ್, ಬಹುತೇಕ ಕಿಡ್ನಿಯಿಂದ ಹೊರಗೆ ಹೋಗುತ್ತೆ, ಲಿವರ್‌ನ ಈ ಜಗಳಕ್ಕೆ ಅದು ಬರೋದೇ ಇಲ್ಲ, ಅಸಿಟ್ರಾಮ್ ಜೊತೆ, ಅದೇ ಜಾತಿಯ ವಾರ್ಫರಿನ್ ಜೊತೆ ಹೇಳಿಕೊಳ್ಳೋ ಅಂಥ ಕಿರಿಕಿರಿ ಇಲ್ಲ. ನಿಮ್ಮ ನ್ಯೂರೋ ಡಾಕ್ಟ್ರ ಜಾಗದಲ್ಲಿ ನಾನಿದ್ರೂ ಇದೇ ಹೇಳ್ತಿದ್ದೆ. ಅದಕ್ಕೂ ಅದರದ್ದೇ ತೊಂದ್ರೆ ಇದೆ, ಕೆಲವರಿಗೆ ಸಿಡುಕು, ಸುಮ್‌ಸುಮ್ನೆ ಕೋಪ, ಅಳು, ಬೇಜಾರು ಬರುತ್ತೆ, ಮನೆಯವರು ವಯಸ್ಸಾಯ್ತು ಅದಕ್ಕೇ ಹಿಂಗೆ ಆಡ್ತಾರೆ ಅಂದುಕೊಂಡು ಸುಮ್ನಾಗ್ತಾರೆ, ಡಾಕ್ಟ್ರಿಗೆ ಹೇಳೋದೇ ಇಲ್ಲ. ನೀವು ಹೇಳಿ. ಶುರು ಮಾಡೋ ಮುಂಚೆ ಕ್ರಿಯಾಟಿನಿನ್ ಒಂದು ನೋಡಿಸಿ, ಕಿಡ್ನಿ ಕಡಿಮೆ ಕೆಲಸ ಮಾಡ್ತಿದ್ರೆ ಡೋಸ್ ಇಳಿಸಬೇಕು. ಲೆವಿಪಿಲ್ ಒಗ್ಗಲಿಲ್ಲ ಅಂದ್ರೆ ಲ್ಯಾಮೋಟ್ರಿಜಿನ್ ಇದೆ, ಚರ್ಮದ ಅಲರ್ಜಿ ಭಯಕ್ಕೆ ತುಂಬಾ ನಿಧಾನವಾಗಿ ವಾರಗಟ್ಟಲೆ ಏರಿಸಬೇಕು, ಲ್ಯಾಕೋಸಮೈಡ್ ಇದೆ, ಅದು ಹೃದಯದ ಬಡಿತದ ಕರೆಂಟ್ ಮೇಲೆ ಪರಿಣಾಮ ಮಾಡೋದ್ರಿಂದ ವಾಲ್ವ್ ಪೇಷೆಂಟ್‌ಗೆ ಇಸಿಜಿ ನೋಡದೆ ಕೊಡಬಾರದು.

ಬದಲಾಯಿಸೋ ರೀತಿ ಸಾಮಾನ್ಯವಾಗಿ ಹೀಗಿರುತ್ತೆ. ಮೊದಲು ಲೆವಿಪಿಲ್ ಶುರು ಮಾಡಿ ಸರಿಯಾದ ಡೋಸ್‌ಗೆ ತರ್ತಾರೆ, ಆಮೇಲೆ ಎಪ್ಟಾಯಿನ್ ಅನ್ನ ಕೆಲವು ವಾರಗಳಲ್ಲಿ ಸ್ವಲ್ಪ ಸ್ವಲ್ಪ ಇಳಿಸ್ತಾರೆ. ಎಪ್ಟಾಯಿನ್ ಇಳಿಸಕ್ಕೆ ಶುರು ಮಾಡಿದ ದಿನದಿಂದ ವಾರಕ್ಕೊಂದು ಸಲ ಆದ್ರೂ ಐಎನ್‌ಆರ್, ಏರ್ತಿದೆ ಅಂತ ಕಂಡ್ರೆ ವಾರಕ್ಕೆ ಎರಡು ಸಲ, ಕೊನೇ ಎಪ್ಟಾಯಿನ್ ಮಾತ್ರೆ ಆಗಿ ನಾಲ್ಕರಿಂದ ಆರು ವಾರ ಆಗೋವರೆಗೂ ಬಿಡಬೇಡಿ. ಅಸಿಟ್ರಾಮ್ ಎಷ್ಟು ಇಳಿಸಬೇಕು ಅಂತ ಪ್ರತಿ ರಿಪೋರ್ಟ್ ನೋಡಿ ಡಾಕ್ಟ್ರು ಹೇಳಬೇಕು, ಮೊದಲು 2 ಎಂಜಿ ಇತ್ತಲ್ಲ ಅಂತ ನೀವೇ ಒಂದೇ ಸಲ 2ಕ್ಕೆ ಇಳಿಸಿದ್ರೆ ಎನ್‌ಜೈಮ್ ಇನ್ನೂ ಇಳಿದಿರಲ್ಲ, ಐಎನ್‌ಆರ್ ಮತ್ತೆ 1.6ಕ್ಕೆ ಹೋಗಿ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಇಲ್ಲಿ ನಾನು ಪದೇ ಪದೇ ನೋಡೋ ತೊಂದ್ರೆ ಇನ್ನೊಂದಿದೆ, ಫಿಟ್ಸ್ ಮಾತ್ರೆ ಬದಲಾಯಿಸೋದು ನಮ್ಮ ಡಿಪಾರ್ಟ್‌ಮೆಂಟ್, ಐಎನ್‌ಆರ್ ನೋಡೋದು ಹಾರ್ಟ್ ಡಾಕ್ಟ್ರು, ಇಬ್ಬರ ಚೀಟಿ ಬೇರೆ ಬೇರೆ ಫೈಲಲ್ಲಿ, ಕೆಲವೊಮ್ಮೆ ಬೇರೆ ಬೇರೆ ಊರಲ್ಲಿ. ಮಧ್ಯೆ ಬೀಳೋದು ಪೇಷೆಂಟ್. ಎಪ್ಟಾಯಿನ್ ಇಳಿಸೋ ಮುಂಚೆ ಒಂದೇ ಪ್ರಶ್ನೆ ನೇರವಾಗಿ ಕೇಳಿ, ಸಾರ್, ಮುಂದಿನ ಎರಡು ತಿಂಗಳು ಅಮ್ಮನ ಐಎನ್‌ಆರ್ ನೋಡಿ ಅಸಿಟ್ರಾಮ್ ಡೋಸ್ ಹೇಳೋರು ಯಾರು, ರಿಪೋರ್ಟ್ ಯಾರಿಗೆ ಕಳಿಸಬೇಕು ಅಂತ. ಅದಕ್ಕೆ ಒಂದು ಹೆಸರು, ಒಂದು ಫೋನ್ ನಂಬರ್ ಸಿಗೋವರೆಗೂ ಎಪ್ಟಾಯಿನ್ ಇಳಿಸಕ್ಕೆ ಶುರು ಮಾಡಬೇಡಿ. ಅಸಿಟ್ರಾಮ್ 1, 2, 3, 4 ಎಂಜಿ ಹೀಗೆ ಬೇರೆ ಬೇರೆ ಬರುತ್ತೆ, ಡೋಸ್ ಬದಲಾದಾಗ ಹಳೇ ಶೀಟ್ ಮನೆಯಲ್ಲಿ ಉಳಿದುಕೊಂಡು ಎರಡೂ ಕಲಸಿಹೋಗೋದು ತುಂಬಾ ಸಾಮಾನ್ಯ, ಹಳೇದನ್ನ ಬೇರೆ ಡಬ್ಬಿಗೆ ಹಾಕಿ ಮೇಲಿಟ್ಬಿಡಿ.

ಅತ್ತಿಗೆ ಹೇಳಿದ ಹೊಸ ಮಾತ್ರೆ ಅಂದ್ರೆ ಡಾಬಿಗಾಟ್ರಾನ್, ರಿವರೋಕ್ಸಬಾನ್, ಅಪಿಕ್ಸಬಾನ್ ಇವು. ಅವರು ಒಳ್ಳೇ ಮನಸ್ಸಿಂದಾನೇ ಹೇಳಿದಾರೆ, ಎಷ್ಟೋ ಜನಕ್ಕೆ ಇವು ಒಳ್ಳೇ ಔಷಧಿಗಳೇ. ನಿಮ್ಮ ಅಮ್ಮಂಗೆ ಆಗಲ್ಲ, ಇದ್ರಲ್ಲಿ ಎರಡನೇ ಮಾತಿಲ್ಲ. ಮೆಟಲ್ ವಾಲ್ವ್ ಇರೋರಲ್ಲಿ ಡಾಬಿಗಾಟ್ರಾನ್ ಪರೀಕ್ಷೆ ಮಾಡಿದ್ರು, 2013ರಲ್ಲಿ ಫಲಿತಾಂಶ ಬಂತು, ವಾರ್ಫರಿನ್‌ಗಿಂತ ಹೆಪ್ಪುಗಟ್ಟೋದೂ ಜಾಸ್ತಿ ರಕ್ತಸ್ರಾವಾನೂ ಜಾಸ್ತಿ ಆಗಿ ಮಧ್ಯದಲ್ಲೇ ನಿಲ್ಲಿಸಬೇಕಾಯ್ತು. ಆಮೇಲೆ ಹೊಸ ಥರದ ಅಯೋರ್ಟಿಕ್ ಮೆಟಲ್ ವಾಲ್ವ್ ಇರೋರಲ್ಲಿ ಅಪಿಕ್ಸಬಾನ್ ನೋಡಿದ್ರು, 2022ರಲ್ಲಿ ಅದನ್ನೂ ಮಧ್ಯದಲ್ಲೇ ನಿಲ್ಲಿಸಿದ್ರು. ರುಮ್ಯಾಟಿಕ್ ತೊಂದ್ರೆಯಿಂದ ಹೃದಯದ ಬಡಿತ ತಪ್ಪಿದವರಲ್ಲೂ, ಮೆಟಲ್ ವಾಲ್ವ್ ಇಲ್ಲದಿದ್ರೂ, ಅದೇ 2022ರಲ್ಲಿ ಬಂದ ಇನ್‌ವಿಕ್ಟಸ್ ಅಧ್ಯಯನದಲ್ಲಿ ರಿವರೋಕ್ಸಬಾನ್‌ಗಿಂತ ಹಳೇ ಮಾತ್ರೆ ತಗೊಂಡವರೇ ಚೆನ್ನಾಗಿದ್ರು. ಭಾರತದ ಪೇಷೆಂಟ್‌ಗಳೂ ಅದರಲ್ಲಿದ್ರು, ದೆಹಲಿ ಏಮ್ಸ್‌ನ ಡಾ. ಗಣೇಶನ್ ಕಾರ್ತಿಕೇಯನ್ ಅವರು ಮುಂದೆ ನಿಂತು ಮಾಡಿದ ಅಧ್ಯಯನ ಅದು.

ಇದನ್ನ ಓದ್ತಿರೋ ಬೇರೆಯವರಿಗೂ ಒಂದು ಮಾತು. ಮೆಟಲ್ ವಾಲ್ವ್ ಇಲ್ಲ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತು ಅಂತಾನೋ ಬಡಿತ ತಪ್ಪಿದೆ ಅಂತಾನೋ ಈ ಹೊಸ ಮಾತ್ರೆ ತಗೊಳ್ತಾ ಇದ್ದು ಜೊತೆಗೆ ಎಪ್ಟಾಯಿನ್, ಟೆಗ್ರಿಟಾಲ್, ಗಾರ್ಡಿನಾಲ್ ಇದ್ರೆ ನಿಮ್ಮ ಪರಿಸ್ಥಿತಿ ಒಂದು ಲೆಕ್ಕದಲ್ಲಿ ಇನ್ನೂ ಸೂಕ್ಷ್ಮ. ಆ ಫಿಟ್ಸ್ ಮಾತ್ರೆಗಳು ಈ ಹೊಸ ಮಾತ್ರೆಗಳ ಶಕ್ತೀನೂ ಇಳಿಸ್ತವೆ, ಆದ್ರೆ ಅದನ್ನ ಐಎನ್‌ಆರ್ ತೋರಿಸಲ್ಲ. ಅಸಿಟ್ರಾಮ್ ತಗೊಳ್ಳೋರಿಗೆ 1.6 ಅಂತ ಒಂದು ನಂಬರ್ ಬಂದು ಎಚ್ಚರಿಸುತ್ತೆ, ಇವರಿಗೆ ಗೊತ್ತಾಗೋದೇ ಸ್ಟ್ರೋಕ್ ಆದ ಮೇಲೆ. ಟೆಸ್ಟ್ ಬೇಡ ಅನ್ನೋದು ಯಾವಾಗ್ಲೂ ಅನುಕೂಲ ಅಲ್ಲ. ಇಂಥವರು ಮುಂದಿನ ಸಲ ಹೋದಾಗ ಎರಡೂ ಚೀಟಿ ಒಟ್ಟಿಗೆ ಡಾಕ್ಟ್ರ ಮುಂದೆ ಇಟ್ಟು ಕೇಳಲೇಬೇಕು. ಲೆವಿಪಿಲ್ ಜೊತೆ ಈ ಹೊಸ ಮಾತ್ರೆ ಬಗ್ಗೆ 2018ರ ಯುರೋಪಿನ ಮಾರ್ಗಸೂಚಿಯಲ್ಲಿ ಎಚ್ಚರಿಕೆ ಬಂದಿತ್ತು, ಅದಕ್ಕೆ ಆಧಾರ ಮುಖ್ಯವಾಗಿ ಪ್ರಾಣಿಗಳಲ್ಲಿ ಮಾಡಿದ ಪ್ರಯೋಗ, ಹಾಗಾಗಿ ಹೆದರಿ ಬಿಡೋದು ಬೇಡ, ಡಾಕ್ಟ್ರ ಹತ್ರ ಮಾತಾಡಿ. ಮಕ್ಕಳಾಗೋ ವಯಸ್ಸಿನ ಹೆಣ್ಣುಮಕ್ಕಳು ಇದ್ರೆ ಇನ್ನೂ ಮುಂಚೇನೇ ಮಾತಾಡಬೇಕು, ಅಸಿಟ್ರಾಮ್‌ಗೂ ವಾಲ್‌ಪ್ರೋಯೇಟ್‌ಗೂ ಗರ್ಭದಲ್ಲಿರೋ ಮಗುವಿಗೆ ತೊಂದ್ರೆ ಮಾಡೋ ಸ್ವಭಾವ ಇದೆ, ಗರ್ಭ ನಿಂತ ಮೇಲೆ ಅಲ್ಲ, ಅದಕ್ಕೆ ಮುಂಚೆ.

ಮತ್ತೆ ಅಮ್ಮನ ವಿಷಯಕ್ಕೆ ಬರೋಣ. ಮಾತ್ರೆ ಬದಲಾವಣೆ ನಡೆಯೋವಾಗ ಮೂರನೇ ಔಷಧಿ ಬಂದು ಕಲಸೋದನ್ನ ಆದಷ್ಟು ತಪ್ಪಿಸಿ. ಮಂಡಿ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಸಂಧಿವಾತಕ್ಕೆ ಅಂತ ಕೊಡೋ ಹೆಸರಿಲ್ಲದ ಪುಡಿ ಬೇಡ, ಆ ಪುಡಿಗಳಲ್ಲಿ ನೋವಿನ ಮಾತ್ರೆ, ಸ್ಟಿರಾಯ್ಡ್ ಕಲಬೆರಕೆ ಇರೋದುಂಟು. ಟ್ರಮಡಾಲ್ ಅಂತೂ ಫಿಟ್ಸ್‌ನೂ ತರಿಸಬಹುದು, ಐಎನ್‌ಆರ್‌ನೂ ಏರಿಸಬಹುದು. ಜ್ವರಕ್ಕೆ ಪ್ಯಾರಸಿಟಮಾಲ್ ಪರವಾಗಿಲ್ಲ, ಆದ್ರೆ ದಿನಾ ಜಾಸ್ತಿ ಡೋಸ್‌ನಲ್ಲಿ ವಾರ ಪೂರ್ತಿ ತಗೊಂಡ್ರೆ ಅದರಿಂದಾನೂ ಐಎನ್‌ಆರ್ ಏರುತ್ತೆ. ಭೇದಿಗೆ ಅಂತ ಮೆಡಿಕಲ್‌ನಲ್ಲಿ ಕೇಳಿ ತರೋ ಮೆಟ್ರೋನಿಡಜೋಲ್, ಸಿಪ್ರೋಫ್ಲಾಕ್ಸಾಸಿನ್ ಕೂಡ ಹಾಗೇನೇ. ಎಲ್ಲಿ ಹೋದ್ರೂ ಅಸಿಟ್ರಾಮ್ ಚೀಟಿ ತೋರಿಸಿ, ಸೊಂಟಕ್ಕೆ ಇಂಜೆಕ್ಷನ್ ಹಾಕಕ್ಕೆ ಬಂದ್ರೆ ಮೊದಲೇ ಹೇಳಿ.

ಅಕಸ್ಮಾತ್ ಫಿಟ್ಸ್ ಬಂದ್ರೆ ಮಗ್ಗುಲಿಗೆ ಮಲಗಿಸಿ, ತಲೆ ಕೆಳಗೆ ಮೆತ್ತಗಿರೋದು ಏನಾದ್ರೂ ಇಡಿ. ಕೈಗೆ ಬೀಗದ ಕೈ ಕೊಡೋದ್ರಿಂದ ಏನೂ ಆಗಲ್ಲ, ಬಾಯಲ್ಲಿ ಚಮಚ ತುರುಕೋದ್ರಿಂದ ಮಾತ್ರ ತುಂಬಾ ತೊಂದ್ರೆ ಆಗುತ್ತೆ, ಅಸಿಟ್ರಾಮ್ ತಗೊಳ್ಳೋರ ಬಾಯಲ್ಲಿ ಗಾಯ ಆದ್ರೆ ರಕ್ತ ನಿಲ್ಲೋದು ಕಷ್ಟ. ಐದು ನಿಮಿಷ ದಾಟಿದ್ರೆ 108ಕ್ಕೆ ಫೋನ್ ಮಾಡಿ. ಬಿದ್ದು ತಲೆಗೆ ಪೆಟ್ಟಾದ್ರೆ ಎದ್ದು ಕೂತು ಕಾಫಿ ಕುಡಿದು ಚೆನ್ನಾಗೇ ಮಾತಾಡಿದ್ರೂ ಸ್ಕ್ಯಾನ್ ಆಗಲೇಬೇಕು, ಬೆಳಗ್ಗೆ ನೋಡೋಣ ಅನ್ನಬೇಡಿ, ಒಳಗೆ ನಿಧಾನಕ್ಕೆ ರಕ್ತ ಸೇರೋದು ಗಂಟೆಗಳಾದ ಮೇಲೆ, ಕೆಲವೊಮ್ಮೆ ದಿನಗಳಾದ ಮೇಲೆ ಗೊತ್ತಾಗುತ್ತೆ. ಕಪ್ಪು ಮಲ, ಮೂತ್ರದಲ್ಲಿ ರಕ್ತ, ಹಿಂದೆಂದೂ ಇಲ್ಲದ ತಲೆನೋವು, ಬಾಯಿ ಓರೆ, ಕೈ ಬಲಹೀನ ಇವೆಲ್ಲ ಆಸ್ಪತ್ರೆಗೆ ಓಡೋ ವಿಷಯಗಳೇ. ಇನ್ನೊಂದು ನಿಮ್ಮ ಅಮ್ಮಂಗೇ ಗೊತ್ತಾಗೋದು, ಮೆಟಲ್ ವಾಲ್ವ್‌ನ ಟಕ್ ಟಕ್ ಸದ್ದು ರಾತ್ರಿ ನಿಶ್ಶಬ್ದದಲ್ಲಿ ಅವರಿಗೆ ಕೇಳಿಸ್ತಾ ಇರುತ್ತೆ, ಆ ಸದ್ದು ಮಂಕಾಯ್ತು ಅಥವಾ ಇಲ್ಲ ಅಂತ ಅನ್ಸಿ ಜೊತೆಗೆ ಉಸಿರು ಕಟ್ಟಿದ್ರೆ ವಾಲ್ವ್ ಮೇಲೆ ಹೆಪ್ಪುಗಟ್ಟಿರಬಹುದು, ಆವಾಗ ಒಂದು ನಿಮಿಷಾನೂ ಕಾಯಬೇಡಿ. ಜ್ವರ ಬಂದು ಜೊತೆಗೆ ಫಿಟ್ಸ್ ಬಂದ್ರೂ ಅಷ್ಟೇ, ವಾಲ್ವ್‌ಗೆ ಇನ್‌ಫೆಕ್ಷನ್ ಆಗಿದೆಯಾ ಅಂತ ನೋಡಲೇಬೇಕು.

ಕೊನೇದು, ಎಷ್ಟು ದಿನ ಅಂತ ಕೇಳಿದ್ರಿ. ಅಮ್ಮ ಹೇಳೋ ಹಾಗೆ ಬಂದಿದ್ದು ಒಂದೇ ಸಲ, ಆದ್ರೆ ಮೆದುಳಲ್ಲಿ ಹಳೇ ಸ್ಟ್ರೋಕಿನ ಕಲೆ ಇದೆ, ಹಾಗೆ ಕಾರಣ ಕಣ್ಣಿಗೆ ಕಾಣ್ತಿರೋವಾಗ ಇನ್ನೊಂದು ಸಲ ಬರೋ ಸಾಧ್ಯತೆ ಜಾಸ್ತಿ, 2014ರಿಂದ ಅಂತರರಾಷ್ಟ್ರೀಯ ವ್ಯಾಖ್ಯೆ ಪ್ರಕಾರಾನೂ ಇಂಥ ಒಂದು ಫಿಟ್ಸ್ ಆದ್ರೂ ಅದನ್ನ ಮೂರ್ಛೆ ರೋಗ ಅಂತಾನೇ ನೋಡ್ತೀವಿ. ಸಾಮಾನ್ಯವಾಗಿ ಎರಡು ವರ್ಷ ಫಿಟ್ಸ್ ಇಲ್ಲದೆ ಕಳೆದ್ರೆ ನಿಲ್ಲಿಸೋದರ ಬಗ್ಗೆ ಕೂತು ಮಾತಾಡ್ತೀವಿ, ಕಲೆ ಇರೋರಲ್ಲಿ, ಅದೂ ಬಿದ್ರೆ ರಕ್ತಸ್ರಾವ ಆಗೋ ಅಂಥವರಲ್ಲಿ, ಮುಂದುವರಿಸೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಆದ್ರೆ ಆವತ್ತು ನಿಲ್ಲಿಸೋಣ ಅಂತ ತೀರ್ಮಾನ ಆದ್ರೂ ಈಗಿನ ಥರ ಐಎನ್‌ಆರ್ ಹಿಂದೆ ಓಡಬೇಕಾಗಲ್ಲ, ಲೆವಿಪಿಲ್ ನಿಲ್ಸಿದ್ರೆ ಅಸಿಟ್ರಾಮ್ ಲೆಕ್ಕ ಅಲುಗಾಡಲ್ಲ.